ಕಚೇರಿಯ ಔತಣಕ್ಕೆ ಹೋಟೆಲನ್ನು ಆರಿಸುವುದು ಹೇಗೆ?

ವರ್ಷದ ಲೆಕ್ಕ ಮುಗಿದಾಗ, ದೊಡ್ಡದೊಂದು ಆರ್ಡರು ಕೈಸೇರಿದಾಗ, ಪರವೂರಿನ ಗಿರಾಕಿಗಳು ಬಂದಾಗ, ಹಿರಿಯರೊಬ್ಬರು ನಿವೃತ್ತರಾದಾಗ ಕಂಪೆನಿಯವರೆಲ್ಲರೂ ಒಂದೆಡೆ ಕುಳಿತು ಊಟಮಾಡುವ ಪದ್ಧತಿ ಈಗ ಎಲ್ಲ ಕಡೆಯೂ ಬೆಳೆದಿದೆ. ಸಾಹೇಬರು “ಎಲ್ಲಾದರೂ ಒಳ್ಳೆಯ ರಿಸಾರ್ಟು ನೋಡಿ” ಎಂದು ಒಂದು ಮಾತು ಹೇಳಿಬಿಡುತ್ತಾರೆ. ಮುಂದಿನ ಕೆಲಸವೆಲ್ಲ ಗುಮಾಸ್ತನ ಪಾಲಿಗೆ. ಆ ಗುಮಾಸ್ತನು ಕನ್ನಡಿಗನಾದರಂತೂ ಕೇಳುವುದೇ ಬೇಡ. “ನೀವು ಹೋಟೆಲಿನವರ ಊರಿನವರು, ನಿಮಗೆ ತಿಳಿಯದ್ದೇನು?” ಎಂದು ಹೊರೆಯನ್ನು ಅವನ ಹೆಗಲಿಗೇ ಏರಿಸುತ್ತಾರೆ. ಅವನು ಧಾರವಾಡದವನಿರಲಿ, ಕಲಬುರಗಿಯವನಿರಲಿ, ಮುಂಬಯಿಯ ಕಣ್ಣಿಗೆ ಕನ್ನಡಿಗರೆಲ್ಲರೂ ಉಡುಪಿಯವರೇ.

ಈ ನಂಬಿಕೆಗೆ ಕಾರಣವಿಲ್ಲದಿಲ್ಲ. 1942ರಲ್ಲಿ ಮಾಟುಂಗಾದಲ್ಲಿ ಎ. ರಾಮ ನಾಯಕರು ತೆರೆದ ಉಡಿಪಿ ಶ್ರೀಕೃಷ್ಣ ಬೋರ್ಡಿಂಗಿನಂತಹ ಊಟದ ಮನೆಗಳು, ಕೋಟೆ ಪ್ರದೇಶದ ಲಂಚ್ ಹೋಮುಗಳು, ಉಪನಗರಗಳ ಮೂಲೆಮೂಲೆಯ ಉಡುಪಿ ಹೋಟೆಲುಗಳು ಈ ಮಹಾನಗರಕ್ಕೆ ಅನ್ನ ಹಾಕಿದವು. ಹಗಲು ಅಲ್ಲಿ ಮೇಜು ಒರೆಸಿ, ರಾತ್ರಿ ಕನ್ನಡ ಶಾಲೆಯಲ್ಲಿ ಕಲಿತು ಮೇಲೆ ಬಂದವರು ನಮ್ಮಲ್ಲಿ ಎಷ್ಟೋ ಜನ. ಆದರೆ ಒಳ್ಳೆಯ ದೋಸೆ ಎಲ್ಲಿ ಸಿಗುತ್ತದೆಂದು ತಿಳಿದಿರುವುದು ಬೇರೆ, ಮೂವತ್ತು ಮಂದಿಯನ್ನು ಕರೆದೊಯ್ದು ಊಟ ಮಾಡಿಸಿ ಕ್ಷೇಮವಾಗಿ ಮನೆ ಸೇರಿಸುವುದು ಬೇರೆ. ಈ ಎರಡನೆಯ ಕೆಲಸವನ್ನು ಕುರಿತು ನಮ್ಮ ವಾಚಕ ಮಿತ್ರರಿಗೆ ಉಪಯೋಗವಾಗುವ ಕೆಲವು ಸಂಗತಿಗಳನ್ನು ಇಲ್ಲಿ ಬರೆದಿದೆ.

ಮೊದಲನೆಯ ಮಾತು

ಸಾಮಾನ್ಯವಾಗಿ ಇಂತಹ ಆಯ್ಕೆ ನಡೆಯುವುದು ಸಾಹೇಬರ ಅಭಿರುಚಿಯನ್ನು ನೋಡಿ. ಅವರಿಗೆ ಮೋಟಾರಿದೆ, ಚಾಲಕನಿದ್ದಾನೆ, ಹಣದ ಚಿಂತೆಯಿಲ್ಲ. ಎಲ್ಲಿ ಇಟ್ಟರೂ ಅವರಿಗೆ ತೊಂದರೆಯಾಗದು. ತೊಂದರೆಯಾಗುವುದು ಬಾಯಿಬಿಟ್ಟು ಹೇಳಲಾರದವರಿಗೆ. ಡೊಂಬಿವಲಿಗೆ ಕೊನೆಯ ಗಾಡಿ ಹಿಡಿಯಬೇಕಾದ ಟೈಪಿಸ್ಟ್ ಹೆಂಗಸಿಗೆ, ಈರುಳ್ಳಿ ಮುಟ್ಟದ ಜೈನ ಲೆಕ್ಕಿಗನಿಗೆ, ಸಕ್ಕರೆ ಕಾಯಿಲೆಯಿಂದ ಹೊತ್ತಿಗೆ ಸರಿಯಾಗಿ ಉಣ್ಣಬೇಕಾದ ಹಿರಿಯರಿಗೆ, ವಂತಿಗೆಯ ಹಣ ಕೇಳಿದಾಗ ಮುಖ ಸಣ್ಣದಾಗುವ ಜವಾನನಿಗೆ. ಆದುದರಿಂದ ಹೋಟೆಲನ್ನು ಆರಿಸುವವನು ತಂಡದಲ್ಲಿ ಯಾರ ದನಿ ಎಲ್ಲಕ್ಕಿಂತ ಸಣ್ಣದೋ ಅವರನ್ನು ಮೊದಲು ನೆನೆಯಬೇಕು. ಅವರಿಗೆ ಒಪ್ಪಿದ ಜಾಗ ಉಳಿದವರಿಗೂ ಒಪ್ಪುತ್ತದೆ. ಮುಂದೆ ಹೇಳುವ ಸೂಚನೆಗಳೆಲ್ಲವೂ ಈ ಒಂದು ಮಾತಿನಿಂದಲೇ ಹೊರಟವು.

ಇದಕ್ಕಾಗಿ ಹೋಟೆಲಿಗೆ ಟೆಲಿಫೋನು ಮಾಡುವ ಮೊದಲೇ ಒಂದು ಪಟ್ಟಿ ಮಾಡಿಕೊಳ್ಳುವುದು ಒಳ್ಳೆಯದು. ಬರುವವರ ಹೆಸರು, ಅವರ ಮನೆಯಿರುವ ಸ್ಟೇಷನ್ನು, ಅವರು ತಿನ್ನುವುದು ತಿನ್ನದಿರುವುದು, ಮೆಟ್ಟಿಲೇರಲು ಕಷ್ಟವುಳ್ಳವರು, ಇಷ್ಟೇ ಸಾಕು. ಅರ್ಧ ತಾಸಿನ ಕೆಲಸ. ಆದರೆ ಆಯ್ಕೆಯ ಮುಕ್ಕಾಲು ಪಾಲು ಆ ಕಾಗದದ ಮೇಲೆಯೇ ತೀರ್ಮಾನವಾಗಿಬಿಡುತ್ತದೆ.

ದೂರ ಮತ್ತು ಹಿಂದಿರುಗುವ ದಾರಿ

ವಾಶಿಯ ಸುತ್ತಲಿನ ಭೂಗೋಳವನ್ನು ಸ್ವಲ್ಪ ನೆನೆಯಬೇಕು. 1970ರಲ್ಲಿ ಸಿಡ್ಕೋ ಸ್ಥಾಪನೆಯಾಯಿತು. 1973ರಲ್ಲಿ ಖಾಡಿಯ ಮೇಲೆ ಸೇತುವೆ ಬಂದಿತು. 1992ರಲ್ಲಿ ಮಾನ್‌ಖುರ್ದಿನಿಂದ ವಾಶಿಗೆ ರೈಲು ಬಂದಿತು. 2004ರಲ್ಲಿ ಠಾಣೆಯ ಕಡೆಯಿಂದ ಟ್ರಾನ್ಸ್ ಹಾರ್ಬರ್ ಮಾರ್ಗ ಕೂಡಿಕೊಂಡಿತು. ಹೀಗೆ ವಾಶಿಯು ಮುಂಬಯಿ, ಠಾಣೆ, ಪನ್ವೇಲ್ ಮೂರು ದಿಕ್ಕಿನ ಕೂಟಸ್ಥಾನವಾಯಿತು. 2002ರಲ್ಲಿ ಮುಂಬಯಿ–ಪುಣೆ ಎಕ್ಸ್‌ಪ್ರೆಸ್ ಹೆದ್ದಾರಿ ಪೂರ್ಣಗೊಂಡ ಮೇಲೆ ಪನ್ವೇಲ್, ಖೋಪೋಲಿ, ಕರ್ಜತ್, ಲೋಣಾವಳೆಯ ರಿಸಾರ್ಟುಗಳು ಮೋಟಾರುಳ್ಳವರಿಗೆ ಬಹಳ ಹತ್ತಿರವಾದವು.

ಮೋಟಾರಿಲ್ಲದವರಿಗೆ? ಪನ್ವೇಲ್ ವಾಶಿಯಿಂದ ಸುಮಾರು 20 ಕಿಲೋಮೀಟರು, ರೈಲಿನಲ್ಲಿ ಅರ್ಧ ಗಂಟೆಗಿಂತ ತುಸು ಹೆಚ್ಚು. ಆದರೆ ರಿಸಾರ್ಟುಗಳಿರುವುದು ಪನ್ವೇಲ್ ಸ್ಟೇಷನ್ನಿನ ಎದುರಿಗಲ್ಲ. ಕರ್ನಾಳಾ ಪಕ್ಷಿಧಾಮದ ಆಚೆಯೋ ಒಳದಾರಿಯ ಹಳ್ಳಿಗಳಲ್ಲೋ ಇರುತ್ತವೆ. ರಾತ್ರಿ ಹತ್ತೂವರೆಗೆ ಊಟ ಮುಗಿದರೆ ಡೊಂಬಿವಲಿಯವನ ಗತಿಯನ್ನು ಲೆಕ್ಕಹಾಕಿ ನೋಡಿ. ಸ್ಟೇಷನ್ನಿಗೆ ರಿಕ್ಷಾ ಸಿಗಬೇಕು, ಅಲ್ಲಿಂದ ಠಾಣೆಗೆ ಹತ್ತಿರ ಹತ್ತಿರ ಒಂದು ಗಂಟೆ, ಠಾಣೆಯಲ್ಲಿ ಗಾಡಿ ಬದಲಿಸಿ ಮತ್ತೆ ಇಪ್ಪತ್ತು ಇಪ್ಪತ್ತೈದು ನಿಮಿಷ. ಒಂದು ಗಾಡಿ ತಪ್ಪಿದರೆ ಮುಂದಿನದು ಇರುವುದೇ ಸಂದೇಹ.

ಕರ್ಜತ್ತಿನ ವಿಷಯ ಇದಕ್ಕೆ ತಿರುಗುಮುರುಗು. ಅದು ಮಧ್ಯ ರೈಲ್ವೆಯ ಮುಖ್ಯಮಾರ್ಗದಲ್ಲಿರುವುದರಿಂದ ಕಲ್ಯಾಣ, ಡೊಂಬಿವಲಿಯವರಿಗೆ ಒಂದೇ ಲೋಕಲ್. ನೆರೂಳ್, ಬೇಲಾಪುರದವರಿಗೆ ಮಾತ್ರ ಠಾಣೆಯನ್ನು ಸುತ್ತಿಕೊಂಡು ಬರುವ ಶಿಕ್ಷೆ. ನಕ್ಷೆಯಲ್ಲಿ ಹತ್ತಿರವಾಗಿ ಕಂಡದ್ದು ರೈಲಿನಲ್ಲಿ ದೂರ, ದೂರವಾಗಿ ಕಂಡದ್ದು ಹತ್ತಿರ. ಸ್ಟೇಷನ್ನುಗಳ ಪಟ್ಟಿ ಬೇಕೆಂದುದು ಇದಕ್ಕಾಗಿಯೇ.

ಆದುದರಿಂದ ಒಂದು ಸರಳ ಸೂತ್ರ: ರಾತ್ರಿಯ ಔತಣವಾದರೆ ಸ್ಟೇಷನ್ನಿನಿಂದ ನಡೆದು ಸೇರಬಹುದಾದ ಜಾಗ, ವಾಶಿ ಅಥವಾ ಠಾಣೆಯಲ್ಲಿ. ರಿಸಾರ್ಟೇ ಬೇಕೆಂದರೆ ರಜೆಯ ದಿನ ಮಧ್ಯಾಹ್ನದ ಊಟ. ರಾತ್ರಿ ರಿಸಾರ್ಟು ಎಂದು ಮೇಲಿನವರು ಹಟ ಹಿಡಿದರೆ ಹೋಗಲು ಮಾತ್ರವಲ್ಲ, ಹಿಂದಿರುಗಲೂ ಕಂಪೆನಿಯೇ ಬಸ್ಸು ಗೊತ್ತುಮಾಡಬೇಕು. ಆ ಬಸ್ಸು ಹೆಂಗಸರನ್ನು ಮನೆಯ ಬಾಗಿಲಿಗೆ, ಉಳಿದವರನ್ನು ಸ್ಟೇಷನ್ನಿಗೆ ತಲುಪಿಸಬೇಕೆಂದು ಮೊದಲೇ ಬರವಣಿಗೆಯಲ್ಲಿ ಕೇಳಿಕೊಳ್ಳುವುದು ಲೇಸು. ಭಾನುವಾರಗಳಲ್ಲಿ ಹಾರ್ಬರ್ ಮತ್ತು ಟ್ರಾನ್ಸ್ ಹಾರ್ಬರ್ ಮಾರ್ಗಗಳಲ್ಲಿ ಮೆಗಾಬ್ಲಾಕ್ ಇರುವುದುಂಟು. ಶನಿವಾರವೇ ರೈಲ್ವೆಯ ಪ್ರಕಟಣೆಯನ್ನು ನೋಡಿಕೊಳ್ಳಬೇಕು.

ದಿನವೂ ಹೊತ್ತೂ

ರಿಸಾರ್ಟಿನ ಅಡಿಗೆಮನೆ ಮೊದಲು ನೋಡಿಕೊಳ್ಳುವುದು ಅಲ್ಲಿ ತಂಗಿದವರನ್ನು. ಶನಿವಾರ ರಾತ್ರಿ ಕೋಣೆಗಳೆಲ್ಲ ತುಂಬಿರುವಾಗ ಮೂವತ್ತು ಮಂದಿಯ ತಂಡವೊಂದು ಬಂದು ಕುಳಿತರೆ ಯಾರಿಗೂ ಹೊತ್ತಿಗೆ ಊಟ ಸಿಗದು. ಅದೇ ಜಾಗ ಬುಧವಾರ ಬರಿದಾಗಿರುತ್ತದೆ. ದರದಲ್ಲಿಯೂ ಸಡಿಲಿಕೆ ಕೇಳಬಹುದು.

ಪಂಚಾಂಗವನ್ನೂ ಮರೆಯಬಾರದು. ಕರಾವಳಿಯವರು ಆಟಿ ಅಮಾವಾಸ್ಯೆಯೆಂದೂ ಘಟ್ಟದ ಮೇಲಿನವರು ಭೀಮನ ಅಮಾವಾಸ್ಯೆಯೆಂದೂ ಕರೆಯುವ ದಿನವನ್ನು ಇಲ್ಲಿಯ ಜನ ಗಟಾರಿಯೆಂದು ಆಚರಿಸುತ್ತಾರೆ. ಮರುದಿನದಿಂದ ಶ್ರಾವಣ, ಮಾಂಸ ಮದ್ಯಗಳನ್ನು ಬಿಡುವವರು ಬಹಳ. ಹಾಗಾಗಿ ಅದರ ಹಿಂದಿನ ವಾರದಲ್ಲಿ ರಿಸಾರ್ಟುಗಳಲ್ಲಿ ಕಾಲಿಡಲು ಜಾಗವಿರದು. ಶ್ರಾವಣದಲ್ಲಿ ಅರ್ಧ ತಂಡಕ್ಕೆ ಸಸ್ಯಾಹಾರವೇ ಬೇಕು. ರಂಜಾನ್ ತಿಂಗಳಲ್ಲಿ ಉಪವಾಸವಿರುವ ಮಿತ್ರರಿದ್ದರೆ ಊಟವನ್ನು ಸೂರ್ಯಾಸ್ತದ ನಂತರಕ್ಕೆ ಇಡುವುದು ಸೌಜನ್ಯ. ಸಂಕಷ್ಟಿಯ ದಿನ ಚಂದ್ರೋದಯದವರೆಗೆ ಉಣ್ಣದವರೂ ಇರುತ್ತಾರೆ.

ಜೂನಿನಿಂದ ಸೆಪ್ಟೆಂಬರಿನವರೆಗೆ ಹುಲ್ಲುಹಾಸಿನ ಮೇಲೆ ಮೇಜು ಹಾಕುವೆವೆಂದರೆ ಒಪ್ಪಬಾರದು. ಮಳೆ ಬಂದರೆ ಒಳಗೆ ಎಷ್ಟು ಮಂದಿಗೆ ಜಾಗವಿದೆಯೆಂದು ಕಣ್ಣಾರೆ ನೋಡಿ ಬರಬೇಕು. ಇನ್ನೊಂದು ಸಂಗತಿ: 2000ದ ಶಬ್ದಮಾಲಿನ್ಯ ನಿಯಮಗಳಂತೆ ರಾತ್ರಿ 10ರಿಂದ ಬೆಳಗಿನ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಭಾಷಣ, ಹಾಡು, ಬಹುಮಾನಗಳೆಲ್ಲ ಅದಕ್ಕೆ ಮೊದಲೇ ಮುಗಿಯಬೇಕು. ಭಾಷಣ ಮುಗಿಯುವ ತನಕ ಊಟ ತಡೆಯುವ ಪದ್ಧತಿಯನ್ನಂತೂ ಬಿಡುವುದೇ ಮೇಲು.

ಊಟದ ವಿಚಾರ

ವಾಶಿಯಲ್ಲಿ ಮಾರುಕಟ್ಟೆ ಸಮಿತಿಯ ದೊಡ್ಡ ಪೇಟೆಯಿದೆ. ಅಲ್ಲಿಯ ಧಾನ್ಯ, ಮಸಾಲೆ ವ್ಯಾಪಾರಿಗಳಲ್ಲಿ ಗುಜರಾತಿ, ಮಾರವಾಡಿ, ಕಚ್ಛಿ ಜನ ಹೇರಳ. ಅಂತಹ ಗಿರಾಕಿಗಳು ಅತಿಥಿಗಳಾದರೆ ಸಸ್ಯಾಹಾರವಿದೆಯೇ ಎಂದು ಕೇಳಿದರೆ ಸಾಲದು. ಜೈನರಿಗೆ ಈರುಳ್ಳಿ, ಬೆಳ್ಳುಳ್ಳಿ, ಬಟಾಟೆ ಮೊದಲಾದ ನೆಲದಡಿಯವು ಸಲ್ಲವು. ಬೇರೆ ಪಾತ್ರೆ, ಬೇರೆ ಸೌಟು ಉಂಟೇ ಎಂದು ಕೇಳಬೇಕು. ಕೆಲವರು ಮಾಂಸ ಬೇಯಿಸುವ ಅಡಿಗೆಮನೆಯಲ್ಲಿ ನೀರನ್ನೂ ಮುಟ್ಟರು. ಅಂತಹವರಿದ್ದರೆ ಶುದ್ಧ ಸಸ್ಯಾಹಾರಿ ಹೋಟೆಲೇ ಸರಿಯಾದ ದಾರಿ. ಮುಸಲ್ಮಾನ ಮಿತ್ರರಿಗೆ ಮಾಂಸ ಹಲಾಲೇ ಎಂಬುದು ಮುಖ್ಯ. ಇವೆಲ್ಲವನ್ನೂ ಊಟದ ದಿನ ಪರಿಚಾರಕನನ್ನು ಕೇಳಿ ಅವನನ್ನು ಗಾಬರಿಗೊಳಿಸುವುದಲ್ಲ, ವಾರದ ಮೊದಲೇ ಅಡಿಗೆಯ ಮುಖ್ಯಸ್ಥನಿಗೆ ತಿಳಿಸುವುದು.

ಬಫೆಯೋ ಬಡಿಸುವ ಊಟವೋ ಎಂಬ ಪ್ರಶ್ನೆಗೆ ಸಂಖ್ಯೆಯೇ ಉತ್ತರ. ಇಪ್ಪತ್ತರೊಳಗಾದರೆ ಮೇಜಿಗೆ ತಂದು ಬಡಿಸುವುದು ಚೆನ್ನು, ಮಾತುಕತೆಗೂ ಅನುಕೂಲ. ಅದಕ್ಕೆ ಮೀರಿದರೆ ಬಫೆಯೇ ಕಾರ್ಯಸಾಧ್ಯ. ಆದರೆ ಬಫೆಯಲ್ಲಿ ಆಹಾರವು ಬಹಳ ಹೊತ್ತು ತೆರೆದಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಂತೆ ಬೇಯಿಸಿದ ಆಹಾರವು ಬಡಿಸುವವರೆಗೆ 60 ಡಿಗ್ರಿ ಸೆಲ್ಸಿಯಸ್ಸಿಗಿಂತ ಬಿಸಿಯಾಗಿರಬೇಕು, ಸಾಧಾರಣ ಉಷ್ಣತೆಯಲ್ಲಿ ಎರಡು ಗಂಟೆಗಿಂತ ಹೆಚ್ಚು ಇರಬಾರದು. ಪಾತ್ರೆಯ ಕೆಳಗಿನ ದೀಪ ಉರಿಯುತ್ತಿದೆಯೇ, ಅನ್ನದಿಂದ ಹಬೆ ಏಳುತ್ತಿದೆಯೇ ಎಂದು ನೋಡಲು ಯಂತ್ರ ಬೇಕಿಲ್ಲ. ಸೆಕೆಗಾಲದಲ್ಲಿ ಮೊಸರನ್ನ, ಕೆನೆಯ ತಿಂಡಿ, ಏಡಿ ಸಿಗಡಿಗಳ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಹೋಟೆಲಿನ ಆಹಾರ ಪರವಾನೆಯ 14 ಅಂಕೆಗಳ ಸಂಖ್ಯೆ ಬಿಲ್ಲಿನ ಮೇಲೆ ಮುದ್ರಿತವಾಗಿರಬೇಕೆಂಬುದು ನಿಯಮ. ಜಾಗ ನೋಡಲು ಹೋದಾಗ ಒಂದು ಚಹಾ ಕುಡಿದು ಬಿಲ್ಲು ಕೇಳಿದರೆ ಅದೂ ಗೊತ್ತಾಗುತ್ತದೆ. ಕೈತೊಳೆಯುವ ಜಾಗವನ್ನೂ ಶೌಚಾಲಯವನ್ನೂ ನೋಡಿ ಬರಬೇಕು. ಅವು ಹೇಗಿವೆಯೋ ಅಡಿಗೆಮನೆಯೂ ಹೆಚ್ಚು ಕಡಿಮೆ ಹಾಗೆಯೇ ಇರುತ್ತದೆ.

ಹಣದ ಲೆಕ್ಕ

ತಟ್ಟೆಗೆ ಇಷ್ಟು ಎಂದು ಹೇಳುವ ದರವು ಕೊನೆಯ ದರವಲ್ಲ. ಸಾಧಾರಣ ರೆಸ್ಟೋರೆಂಟಿನ ಊಟಕ್ಕೆ ಜಿ.ಎಸ್.ಟಿ. ಶೇಕಡ 5. ಆದರೆ ರಿಸಾರ್ಟು ಅಥವಾ ದೊಡ್ಡ ಹೋಟೆಲಿನೊಳಗಿನ ರೆಸ್ಟೋರೆಂಟಿಗೆ ಬೇರೆ ಲೆಕ್ಕವಿದೆ. 2025ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ನಿಯಮದಂತೆ, ಹಿಂದಿನ ಹಣಕಾಸು ವರ್ಷದಲ್ಲಿ ಆ ಸ್ಥಳದ ಯಾವುದೇ ಕೋಣೆಯನ್ನು ದಿನಕ್ಕೆ 7,500 ರೂಪಾಯಿಗಿಂತ ಹೆಚ್ಚಿಗೆ ಕೊಟ್ಟಿದ್ದರೆ ಅಲ್ಲಿಯ ಊಟಕ್ಕೆ ತೆರಿಗೆ ಶೇಕಡ 18. ನೀವು ಕೋಣೆ ತೆಗೆದುಕೊಳ್ಳದೆ ಊಟ ಮಾತ್ರ ಮಾಡಿದರೂ ಅಷ್ಟೇ.

ಉದಾಹರಣೆಗೆ, ತಟ್ಟೆಗೆ 1,000 ರೂಪಾಯಿಯಂತೆ 30 ಮಂದಿಗೆ 30,000 ರೂಪಾಯಿ. ಶೇಕಡ 5ರ ತೆರಿಗೆ ಸೇರಿ 31,500, ತಲೆಗೆ 1,050. ಶೇಕಡ 18 ಆದರೆ 35,400, ತಲೆಗೆ 1,180. ಇದರ ಮೇಲೆ ಶೇಕಡ 10 ಸೇವಾಶುಲ್ಕವೆಂದು ಹಾಕಿ, ಅದಕ್ಕೂ ತೆರಿಗೆ ಹಿಡಿದರೆ ಒಟ್ಟು 38,940, ತಲೆಗೆ 1,298. ಊಟ ಅದೇ, ತಟ್ಟೆ ಅದೇ. ಆದುದರಿಂದ ಕೇಳಬೇಕಾದುದು “ತಟ್ಟೆಗೆ ಎಷ್ಟು?” ಎಂದಲ್ಲ, “ಎಲ್ಲ ಸೇರಿ ತಲೆಗೆ ಎಷ್ಟು ಬೀಳುತ್ತದೆ?” ಎಂದು. ಸಭಾಂಗಣದ ಬಾಡಿಗೆ, ಧ್ವನಿವರ್ಧಕ, ಬಾಟಲಿ ನೀರು ಇವು ದರದಲ್ಲಿ ಸೇರಿವೆಯೇ ಎಂಬುದನ್ನೂ ಅದರೊಡನೆ ಕೇಳಬೇಕು.

ಸೇವಾಶುಲ್ಕದ ವಿಷಯದಲ್ಲಿ ಒಂದು ಸಂಗತಿ ತಿಳಿದಿರಲಿ. ಅದನ್ನು ಗಿರಾಕಿಯ ಬಿಲ್ಲಿಗೆ ತಾನಾಗಿ ಸೇರಿಸಬಾರದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2022ರ ಜುಲೈಯಲ್ಲಿ ಸೂಚನೆ ಹೊರಡಿಸಿತು. 2025ರ ಮಾರ್ಚಿನಲ್ಲಿ ದಿಲ್ಲಿಯ ಉಚ್ಚ ನ್ಯಾಯಾಲಯವು ಆ ಸೂಚನೆಯನ್ನು ಎತ್ತಿಹಿಡಿಯಿತು. ಹಾಕಿದ್ದರೆ ತೆಗೆಯಲು ಹೇಳಬಹುದು. ದೂರಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ.

ಗುಮಾಸ್ತರು ಎಡವುವ ಇನ್ನೊಂದು ಸ್ಥಳ ‘ಕನಿಷ್ಠ ಸಂಖ್ಯೆ’. ಮೂವತ್ತು ಮಂದಿಯೆಂದು ಒಪ್ಪಿಕೊಟ್ಟು ಇಪ್ಪತ್ತನಾಲ್ಕು ಮಂದಿ ಬಂದರೂ ಮೂವತ್ತರ ಹಣ ಕೊಡಬೇಕು. ಮೇಲಿನ 31,500 ರೂಪಾಯಿಯನ್ನು 24ರಿಂದ ಭಾಗಿಸಿದರೆ ತಲೆಗೆ 1,312 ರೂಪಾಯಿ 50 ಪೈಸೆ. ಮೂವತ್ತು ಹೆಸರು ಬಂದಿದ್ದರೆ ಇಪ್ಪತ್ತೈದಕ್ಕೆ ಮಾತುಕೊಟ್ಟು, ಐದು ಮಂದಿ ಹೆಚ್ಚಾದರೆ ಅದೇ ದರದಲ್ಲಿ ಬಡಿಸುವಿರಾ ಎಂದು ಕೇಳಿ ಬರೆಸಿಕೊಳ್ಳುವುದು ಜಾಣತನ. ಮುಂಗಡಕ್ಕೆ ರಶೀದಿ, ರದ್ದಾದರೆ ಎಷ್ಟು ಹಿಂದಕ್ಕೆ ಎಂಬ ಷರತ್ತು, ಇವೂ ಕಾಗದದ ಮೇಲಿರಲಿ. ಬಿಲ್ಲು ಕಂಪೆನಿಯ ಹೆಸರಿನಲ್ಲಿಯೇ ಇರಬೇಕು. ಹಣವನ್ನು ಬ್ಯಾಂಕಿನ ಮೂಲಕವೇ ಕೊಡಿಸಬೇಕು. ಒಬ್ಬರಿಗೆ ಒಂದೇ ದಿನ 10,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟ ಖರ್ಚು ಆದಾಯ ತೆರಿಗೆಯ ಲೆಕ್ಕದಲ್ಲಿ ಸಾಮಾನ್ಯವಾಗಿ ಮಾನ್ಯವಾಗದು. ಊಟದ ಮೇಲಿನ ಜಿ.ಎಸ್.ಟಿ.ಯನ್ನು ಕಂಪೆನಿಯು ಸಾಮಾನ್ಯವಾಗಿ ಹಿಂದಕ್ಕೆ ಪಡೆಯಲಾರದು. ಆದ್ದರಿಂದ ಶೇಕಡ 5ಕ್ಕೂ 18ಕ್ಕೂ ಇರುವ ಅಂತರ ಪೂರ್ತಿ ಕೈಯಿಂದಲೇ ಹೋಗುತ್ತದೆ. ಸಾಹೇಬರಿಗೆ ಈ ಮಾತು ಬೇಗ ಅರ್ಥವಾದೀತು.

ವಂತಿಗೆ ಎತ್ತುವ ಪದ್ಧತಿಯಿರುವಲ್ಲಿ ಇನ್ನಷ್ಟು ಸೂಕ್ಷ್ಮವಿದೆ. ತಿಂಗಳಿಗೆ 18,000 ರೂಪಾಯಿ ಸಂಬಳದವನಿಗೆ ದಿನಕ್ಕೆ ಬೀಳುವುದು 600. ಮೇಲಿನ 1,298 ರೂಪಾಯಿಯ ಊಟವೆಂದರೆ ಅವನ ಎರಡು ದಿನದ ದುಡಿಮೆಗಿಂತ ಹೆಚ್ಚು. ಎಲ್ಲರಿಗೂ ಸಮಭಾಗ ಎನ್ನುವುದು ಕೇಳಲು ನ್ಯಾಯವಾಗಿ ಕಂಡರೂ ಅವನ ಮನೆಯ ಅಕ್ಕಿಯ ಡಬ್ಬಿಗೆ ಅದು ನ್ಯಾಯವಲ್ಲ. ಸಂಬಳದ ಪ್ರಮಾಣದಲ್ಲಿ ವಂತಿಗೆ ಇಡಬಹುದು, ಇಲ್ಲವೇ ಕಡಮೆ ದರದ ಜಾಗ ಆರಿಸಬಹುದು. ಊಟಕ್ಕೆ ಬಾರದವನ ಹೆಸರನ್ನು ಎಲ್ಲರೆದುರು ಓದುವ ಪದ್ಧತಿ ಮಾತ್ರ ಬೇಡ. ಬಾರದಿರಲು ಅವನಿಗೆ ಹೇಳಲಾಗದ ಕಾರಣವಿರಬಹುದು.

ಮದ್ಯ ಮತ್ತು ಮರ್ಯಾದೆ

ಮದ್ಯದ ವಿಷಯವನ್ನು ಮರೆಮಾಚಿ ಪ್ರಯೋಜನವಿಲ್ಲ. ಮಹಾರಾಷ್ಟ್ರದಲ್ಲಿ ಬಿಯರಿಗೆ 21, ಕಠಿಣ ಮದ್ಯಕ್ಕೆ 25 ವರ್ಷ ತುಂಬಿರಬೇಕು. ಪರವಾನೆಯಿಲ್ಲದ ಜಾಗದಲ್ಲಿ ಬಾಟಲಿ ತಂದು ಕುಡಿಯುವುದು ಅಪರಾಧ. ಕುಡಿದು ವಾಹನ ನಡೆಸಿ ಸಿಕ್ಕಿಬಿದ್ದವನಿಗೆ ಮೊದಲ ಬಾರಿಗೇ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆವಾಸ ಆಗಬಹುದು. ಮದ್ಯದ ಖರ್ಚನ್ನು ಊಟದ ಖರ್ಚಿನಿಂದ ಬೇರೆಯಾಗಿಯೇ ಹಿಡಿಯಬೇಕು. ಕುಡಿಯದವನು ಕುಡಿಯುವವನ ಬಿಲ್ಲು ಕೊಡಬೇಕಾಗಿ ಬರುವುದು ಅನ್ಯಾಯ.

ಊಟದ ಜಾಗದಲ್ಲಿಯೂ ಕಚೇರಿಯ ಮರ್ಯಾದೆ ಮುಗಿಯುವುದಿಲ್ಲ. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳವನ್ನು ತಡೆಯುವ 2013ರ ಕಾನೂನಿನ ಪ್ರಕಾರ, ಕೆಲಸದ ಸಂಬಂಧದಿಂದ ಹೋಗುವ ಯಾವ ಜಾಗವೂ, ಕಂಪೆನಿ ಒದಗಿಸಿದ ವಾಹನವೂ ಕೆಲಸದ ಸ್ಥಳವೇ. ಈಜುಕೊಳದ ಬದಿಯ ಏಕಾಂತದ ಜಾಗಕ್ಕಿಂತ ಬೆಳಕು ಚೆನ್ನಾಗಿರುವ, ಎಲ್ಲರೂ ಎಲ್ಲರಿಗೂ ಕಾಣುವ ಸಭಾಂಗಣ ಎಷ್ಟೋ ಮೇಲು. ಕಚೇರಿಯ ಹೆಂಗಸರಲ್ಲಿ ಒಬ್ಬಿಬ್ಬರನ್ನು ಜಾಗ ನೋಡಲು ಕರೆದೊಯ್ದರೆ, ನಮ್ಮ ಕಣ್ಣಿಗೆ ಬೀಳದ ಎಷ್ಟೋ ಕೊರತೆಗಳನ್ನು ಅವರು ಕಂಡುಹಿಡಿಯುತ್ತಾರೆ.

ಬಡಿಸುವವರ ಕಡೆಯಿಂದ

ಈ ಪತ್ರಿಕೆಯನ್ನು ಓದುವವರಲ್ಲಿ ಮೇಜಿನ ಇತ್ತ ಕುಳಿತವರಿರುವಂತೆ, ಅತ್ತ ನಿಂತು ಬಡಿಸುವವರೂ ಇದ್ದಾರೆ. ತಂಡದ ಊಟವೆಂದರೆ ಅವರಿಗೆ ಏನೆಂಬುದನ್ನು ಬಲ್ಲವರೇ ಬಲ್ಲರು. ಎಂಟಕ್ಕೆ ಬರುವೆವೆಂದವರು ಒಂಬತ್ತೂವರೆಗೆ ಬಂದರೆ ಒಮ್ಮೆ ಮಾಡಿದ ಅಡಿಗೆಯನ್ನು ಮತ್ತೆ ಕಾಯಿಸಬೇಕು. ಮುಗಿದ ಮೇಲೆ ಪಾತ್ರೆ, ನೆಲ, ಮೇಜು ಎಲ್ಲ ತೊಳೆದು ಅವರು ಮಲಗುವುದು ರಾತ್ರಿ ಎರಡಕ್ಕೆ. ಹೇಳಿದ ಹೊತ್ತಿಗೆ ಬರುವುದು, ಒಪ್ಪಿದ ಹೊತ್ತಿಗೆ ಏಳುವುದು, ಇದೇ ನಾವು ಅವರಿಗೆ ಕೊಡಬಹುದಾದ ದೊಡ್ಡ ಬಕ್ಷೀಸು. ಕೈಯಲ್ಲಿ ಕೊಡುವ ಬಕ್ಷೀಸನ್ನು ಮುಖ್ಯಸ್ಥನಿಗೆ ಮಾತ್ರ ಕೊಡದೆ, ಪಾತ್ರೆ ತೊಳೆಯುವವನಿಗೂ ಪಾಲು ಸೇರುವಂತೆ ಹೇಳಿ ಕೊಡಬೇಕು.

ಹೊರಗೆ ಮೋಟಾರಿನಲ್ಲಿ ಕಾಯುವ ಚಾಲಕರನ್ನೂ ಬಸ್ಸಿನವನನ್ನೂ ಸಂಖ್ಯೆಯಲ್ಲಿ ಸೇರಿಸಲು ಮರೆಯಬಾರದು. ಊರಾಚೆಯ ರಿಸಾರ್ಟಿನ ಬಾಗಿಲಲ್ಲಿ ಅವರಿಗೆ ಒಂದು ವಡಾಪಾವ್ ಕೂಡ ಸಿಗುವುದು ಕಷ್ಟ. ಚಾಲಕರ ಊಟಕ್ಕೆ ಕಡಮೆ ದರವನ್ನು ಬಹಳ ಹೋಟೆಲುಗಳು ಒಪ್ಪುತ್ತವೆ. ಕೇಳುವವರು ಬೇಕು ಅಷ್ಟೆ. ಕಚೇರಿಯಲ್ಲಿ ಗುತ್ತಿಗೆಯ ಮೇಲೆ ಕಸ ಗುಡಿಸುವವರು, ಕಾವಲುಗಾರರು ಇರುತ್ತಾರೆ. ಅವರ ಸಂಬಳದ ಪಟ್ಟಿ ಬೇರೆಯಾದರೂ ವರ್ಷವಿಡೀ ದುಡಿದುದು ಇದೇ ಕಟ್ಟಡದಲ್ಲಿ. ಅವರನ್ನು ಪಂಕ್ತಿಯಿಂದ ಬಿಡಬಾರದು.

ಸಂಗ್ರಹವಾಗಿ

ಹೋಟೆಲಿನವರನ್ನು ಕೇಳಬೇಕಾದುವನ್ನು ಒಂದೆಡೆ ಬರೆದಿಟ್ಟುಕೊಳ್ಳಿರಿ: ಎಲ್ಲ ಸೇರಿ ತಲೆಗೆ ಎಷ್ಟು? ತೆರಿಗೆ 5ರೋ 18ರೋ? ಸೇವಾಶುಲ್ಕ ಉಂಟೇ? ಕನಿಷ್ಠ ಸಂಖ್ಯೆ ಎಷ್ಟು, ಯಾವ ದಿನದೊಳಗೆ ಹೇಳಬೇಕು? ಜೈನ ಅಡಿಗೆ, ಬೇರೆ ಪಾತ್ರೆ ಉಂಟೇ? ಮಳೆ ಬಂದರೆ ಎಲ್ಲಿ ಕೂರಿಸುವಿರಿ? ಅದೇ ದಿನ ಬೇರೆ ಸಮಾರಂಭ ಇದೆಯೇ? ಚಾಲಕರ ಊಟಕ್ಕೆ ಏನು ದರ? ಮುಂಗಡ ಹಿಂದಿರುಗುವ ಷರತ್ತೇನು? ಉತ್ತರಗಳನ್ನು ಒಂದು ಪತ್ರದಲ್ಲಿಯೋ ಮೊಬೈಲಿನ ಸಂದೇಶದಲ್ಲಿಯೋ ಬರೆದು ಕಳುಹಿಸಿ, “ಒಪ್ಪಿದೆ” ಎಂದು ಅವರಿಂದ ಉತ್ತರ ತರಿಸಿಕೊಂಡರೆ ಮುಂದೆ ವಾದಕ್ಕೆ ಎಡೆಯಿಲ್ಲ.

ಔತಣದ ಮರುದಿನ ಕಚೇರಿಯಲ್ಲಿ ಪನ್ನೀರು ಹೇಗಿತ್ತು, ಮೀನು ಹೇಗಿತ್ತು ಎಂದು ಮಾತು ನಡೆಯುತ್ತದೆ. ಗುಮಾಸ್ತನು ತನ್ನ ಕೆಲಸವನ್ನು ಅಳೆಯಬೇಕಾದ ಅಳತೆ ಬೇರೆ. ಎಲ್ಲರಿಗಿಂತ ದೂರದ ಮನೆಯವರು ಎಷ್ಟು ಹೊತ್ತಿಗೆ ಮನೆ ಸೇರಿದರು, ಎಲ್ಲರಿಗಿಂತ ಕಡಮೆ ಸಂಬಳದವನಿಗೆ ಎಷ್ಟು ಖರ್ಚು ಬಿದ್ದಿತು ಎಂದು ಅವನು ಕೇಳಿ ತಿಳಿಯಲಿ. ಈ ಎರಡು ಉತ್ತರಗಳು ಸಮಾಧಾನಕರವಾಗಿದ್ದರೆ ಆರಿಸಿದ ಹೋಟೆಲು ಒಳ್ಳೆಯದೆಂದೇ ತಿಳಿಯಬೇಕು.